ಕುಸ್ವಾರಿನ ಡಬ್ಬಿ

ವಲೇರಿಯನ್ನನ ಪಟ್ಟಿಯಲ್ಲಿ ಮೊದಲು ಸೈಲೆನ್ಸರ್,
ಗುಡುಗಬೇಕಂತೆ, ಬೆಂದೂರಿನವರೆಗೂ.
ಆಮೇಲೆ ಹಿಂದಕ್ಕೊಂದು ರೆಕ್ಕೆ.
ಹಳೇ ಝೆನ್ನಿಗೆ! ಹಾರುವುದೆಲ್ಲಿಗೆ ಮಾರಾಯರೆ?

ಪಡೀಲಿನ ಉಗ್ಗಪ್ಪಣ್ಣ ಗಾಡಿಯಡಿಯಿಂದಲೇ ಹೇಳಿದರು:
"ಓಡುವುದು ಇದಕ್ಕೆ ಗೊತ್ತುಂಟು.
ನಿಲ್ಲುವುದು ಮರೆತಿದೆ."

ನಾಲ್ಕು ಬ್ರೇಕ್ ಪ್ಯಾಡು. ಕುಸ್ವಾರಿನ ಡಬ್ಬಿಯಲ್ಲಿಟ್ಟು
ಕೆಂಪು ರಿಬ್ಬನ್ ಕಟ್ಟಿದೆ.
ಕ್ರಿಸ್ಮಸ್ ಬೆಳಿಗ್ಗೆ ತೆರೆದವನ ಮುಖ
ಉಪ್ಪಿಲ್ಲದ ಗಂಜಿ.

ಹೊಸವರ್ಷಕ್ಕೆ ಇನ್ನೆರಡು ದಿನ. ನಂತೂರಿನ ಇಳಿಜಾರು,
ಕೈ ಕೂಡ ತೋರಿಸದೆ ಅಡ್ಡ ಬಂತು ಎಕ್ಸ್‌ಪ್ರೆಸ್ ಬಸ್ಸು.
ಝೆನ್ ನಿಂತಿತು.
ಬಸ್ಸಿನ ಬಾಲಕ್ಕೂ ನಮಗೂ ನಡುವೆ
ಒಂದು ನೆವ್ರಿಯಷ್ಟು ಜಾಗ.

ಅವನು ಏನೂ ಹೇಳಲಿಲ್ಲ.
ರೇಡಿಯೊ ಆರಿಸಿದ.
ಕಂಕನಾಡಿ ದಾಟಿದ ಮೇಲೆ ಕೇಳಿದ:
"ಟಯರಿಗೆ ಎಷ್ಟಾಗಬಹುದು?"