ಅಲೆಗೆರೆ

ನವನಗರ. ಪಾಲಿಟೆಕ್ನಿಕ್ಕಿನ ಲ್ಯಾಬು, ಮಧ್ಯಾಹ್ನ.
ಎಕೋ ಅಂತ ಹೊಡೆದು ಒಂದು ಅಲೆಗೆರೆ ಎಳೆದೆ: ~
ಶೆಲ್ಲು ಪಟ್ಟನೆ ಬಿಚ್ಚಿ ಹೇಳಿತು: /ಹೋಮ್/ದಾನಮ್ಮ.

ಕೋಟ್ಸ್ ಒಳಗಿಟ್ಟರೆ ಅಲೆ ಅಲೆಯಾಗೇ ಉಳೀತು.
ಖಾತೆಯೇ ಇಲ್ಲದವರ ಹೆಸರು ಹಚ್ಚಿದೆ, ~ಕಾಶೀಬಾಯಿ.
ಕೊಟ್ಟದ್ದನ್ನೇ ತಿರುಗಿ ಕೊಟ್ಟಿತು,
ನಮ್ಮ ಓಣಿಯ ಪೋಸ್ಟ್‌ಮನ್ನನ ಹಾಗೆ.

ಕಡೆಗೆ ಹೋಮ್ ಅನ್ನೋದನ್ನೇ ಅಳಿಸಿದೆ.
ಈಗ ಹೇಳು ನೋಡೋಣ.
ಒಳಗೆಲ್ಲೋ ಒಂದು ದಫ್ತರ ತಿರುವಿ
ಅದೇ ವಿಳಾಸ ತಂದಿಟ್ಟಿತು!

ಮುಳುಗಡೆ ಆಫೀಸಿನ ಕಡತದಾಗೂ ಹಂಗೇ:
ಕಿಲ್ಲಾ ಓಣಿ, ಮನೆ ನಂಬರು ನೂರಾ ನಾಲ್ಕು,
ಎರಡು ಖೋಲಿ, ಒಂದು ಪಡಸಾಲಿ,
ಅಪ್ಪನ ಸಹಿ.

ಅದರ ಮೇಲೀಗ ಘಟಪ್ರಭೆ
ಗಾಳಿ ಬಿಟ್ಟಾಗೊಮ್ಮೆ ಬರೀತಾಳ
~ ~ ~
ಎಂಟರ್ ಒತ್ತೋರಿಲ್ಲ.