ಕಪಾಟು ನಾಲ್ಕು

ಎವ್ಲಿನ್ ಮಿಸ್ಸು ಹೇಳುತ್ತಾರೆ, ನಾನು ಚೀಟಿ ಬರೆಯುತ್ತೇನೆ.
ವಂಶ: ಮೃದ್ವಂಗಿ. ವರ್ಗ: ಉದರಪಾದಿ.
ಗಣ, ಕುಟುಂಬ...
ಹೆಣ್ಣು ನೋಡಲು ಬಂದವರು ಕೇಳಿದ ಹಾಗಿದೆ ಮಿಸ್ಸು, ಎಂದೆ.
ನಕ್ಕರು. ಜಾತಿ ಗೊತ್ತಾಗಿದೆ ಹುಚ್ಚರಾಯಪ್ಪ,
ಪ್ರಭೇದಕ್ಕೆ ಜಾಗ ಬಿಡು.

ಕಿರುಬೆರಳ ಉಗುರಿನಷ್ಟು ಬಿಳಿ ಚಿಪ್ಪು.
ಬೆಳಕೇ ಇಳಿಯದಲ್ಲಿ ಯಾಕೆ ಬೇಕೆಂದು
ಕಣ್ಣು ಬಿಟ್ಟುಕೊಟ್ಟ ಹುಳುವಿನ ಮನೆ.

ಆಳ: ಸಾವಿರದ ಎಂಟುನೂರು ಮೀಟರು.
(ಕೊಡಚಾದ್ರಿಯನ್ನು ಅಲ್ಲಿ ಇಳಿಸಿದರೆ
ನೆತ್ತಿಯೂ ಕಾಣಲಿಕ್ಕಿಲ್ಲ.)

ವ್ಯಾಪ್ತಿ: ಲಕ್ಷದ್ವೀಪದಿಂದ ಅಂಡಮಾನಿನವರೆಗೆ.
ಬಸವನಹುಳು ಅಷ್ಟು ದೂರ ಹೇಗೆ ಹೋಯ್ತು ಮಿಸ್ಸು?
ಬಲೆ ಇಳಿದದ್ದೇ ಎರಡು ಸಲ ಮಾರಾಯ,
ಅಲ್ಲೊಂದು ಸಿಕ್ಕಿತು, ಇಲ್ಲೊಂದು.
ನಡುವೆ ಗೆರೆ ಎಳೆದವರು ನಾವು.

ಸಂಜೆ ಬೀಗ ಹಾಕಿ
ತುಂಗೆಯ ಸೇತುವೆ ಮೇಲೆ ಸೈಕಲ್ಲು ತಳ್ಳುತ್ತ
ನನ್ನದನ್ನೂ ಲೆಕ್ಕ ಹಾಕಿದೆ:
ಶಿಕಾರಿಪುರ, ಶಿವಮೊಗ್ಗ,
ತಂಗಿಯ ಬಾಣಂತನಕ್ಕೆ ಒಮ್ಮೆ ಹರಿಹರ.
ಸಮುದ್ರ ನೋಡಿಲ್ಲ.
ಬೆರಳಲ್ಲಿ ಚೀಟಿಯ ಅಂಟು ಇನ್ನೂ ಒಣಗಿಲ್ಲ.

ಒಂದು ತಪ್ಪು ಮಾಡಿದ್ದೇನೆ.
ಅಂಡಮಾನಿನ ಪಕ್ಕ, ಅಲ್ಪವಿರಾಮ ಕೊಟ್ಟು,
ಸಣ್ಣಕ್ಷರದಲ್ಲಿ
ಶಿವಮೊಗ್ಗ ಎಂದೂ ಸೇರಿಸಿದ್ದೇನೆ.
ಮಿಸ್ಸು ಕನ್ನಡಕ ಮರೆತು ಬಂದಿದ್ದರು,
ಸಹಿ ಹಾಕಿದರು.