ಕೋರಂ

ಹನ್ನೊಂದಕ್ಕೆ ಸಭೆ. ಈಗ ಹನ್ನೊಂದೂ ಇಪ್ಪತ್ತು.
ಗೋಣಿಕೊಪ್ಪದ ಸಹಕಾರ ಸಂಘದ ಮಾಳಿಗೆ,
ಕೆಳಗೆ ಗೊಬ್ಬರದ ಗೋದಾಮು. ಮೆಟ್ಟಿಲು ಹತ್ತಿದವರು
ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ.

ಬೈಲಾ ಪ್ರಕಾರ ಹದಿನೈದು ಜನ ಬೇಕು.
ಎಣಿಸಿದೆ, ನನ್ನನ್ನೂ ಸೇರಿಸಿ ಹನ್ನೆರಡು.
ಕಾಫಿ ತಂದ ಹುಡುಗನನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು
ಖಜಾಂಚಿ ಕುಶಾಲಪ್ಪ ಕಣ್ಣಲ್ಲೇ ಕೇಳುತ್ತಾರೆ.

ಕೂಲಿಯಿಲ್ಲದೆ ದುಡಿಯುವವರನ್ನು
ಹೊತ್ತಿಗೆ ಸರಿಯಾಗಿ ಕರೆತರುವುದೇ ಕಸುಬಾದವರು ನಾವು.
ನಮ್ಮ ಸಭೆಗೆ ನಾವೇ ಬರುವುದಿಲ್ಲ.

ಖಾತೆ ತೆರೆಯಲು ಹೋದ ದಿನ ಬ್ಯಾಂಕಿನ ಮ್ಯಾನೇಜರು
ಸಂಘದ ಹೆಸರನ್ನು ಎರಡು ಸಲ ಓದಿದರು,
ನಡುವೆ ಒಮ್ಮೆ ಉಸಿರು ತೆಗೆದುಕೊಂಡು:
ಕೊಡಗು ಜಿಲ್ಲಾ ಸ್ವಯಂಸೇವಕ ಸಂಯೋಜಕರ ವೃತ್ತಿಪರ ಸಂಘ.
'ಸ್ವಯಂ ಅಂದಮೇಲೆ ತಾವೇ ಬರುತ್ತಾರಲ್ಲ ಮೇಡಂ,
ನಿಮಗೇನು ಕೆಲಸ?'

ಆಗ ಉತ್ತರ ಹೊಳೆಯಲಿಲ್ಲ.
ವೃತ್ತಿ ಎಂಬ ಕಡೆ 'ಗೃಹಿಣಿ' ಎಂದು ಅವರೇ ಬರೆದುಕೊಂಡರು.
ಆರು ವರ್ಷದಿಂದ ಅವರ ಕಡತದಲ್ಲಿ
ಒಂದು ವೃತ್ತಿಪರ ಸಂಘದ ಅಧ್ಯಕ್ಷೆ ಗೃಹಿಣಿ.

ಗುಡ್ಡ ಜಾರಿದ ವರ್ಷ, ಶಾಲೆಯ ಹಜಾರದಲ್ಲಿ
ಮನೆ ಕಳೆದುಕೊಂಡವರು ಮುನ್ನೂರು,
ಸಹಾಯಕ್ಕೆಂದು ಬಂದವರು ಐನೂರು.
ಎಲ್ಲರಿಗೂ ಅನ್ನ ಬಡಿಸುವುದೇ ಬೇಕು,
ಪಾಯಿಖಾನೆಗೆ ನೀರು ಹೊರಲು ಯಾರೂ ಇಲ್ಲ.
ಸುಂಟಿಕೊಪ್ಪದ ಸುಹರಾ ಮಾತೇ ಆಡಲಿಲ್ಲ.
ಸೌಟುಗಳನ್ನೆಲ್ಲ ಬಾಚಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು.
ಬಕೆಟ್ಟು ಮಾತ್ರ ಹೊರಗಿಟ್ಟಳು.

ರಕ್ತ ಕೊಡುವವರ ಪಟ್ಟಿ ನಾಪೋಕ್ಲಿನ ಪೊನ್ನವ್ವನ ಬಳಿ.
ಯಾರಾದರೂ ತೀರಿಕೊಂಡರೆ ಹೆಸರಿಗೆ ಗೆರೆ ಎಳೆಯುವುದಿಲ್ಲ,
ಪೆನ್ಸಿಲಿನಲ್ಲಿ ಒಂದು ಚುಕ್ಕಿ.
ವರ್ಷ ತುಂಬಲು ಕಾಯುತ್ತಾಳೆ.
ಆಮೇಲೆ ಆ ಮನೆಗೆ ಫೋನು:
'ಮಗನ ಗುಂಪು ಯಾವುದು?'

ಮತ್ತೆ ಸುಬೇದಾರ್ ಚಿಟ್ಟಿಯಪ್ಪ.
ವಿರಾಜಪೇಟೆಯ ಆಸ್ಪತ್ರೆಯಲ್ಲಿ, ಕೊನೆಯ ದಿನಗಳವರ ವಾರ್ಡಿನಲ್ಲಿ
ಜೊತೆಗೆ ಕೂರುವ ಸೇವೆ ಅವರದು.
ಕೂರುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎಲ್ಲರನ್ನೂ ಎಬ್ಬಿಸಿ
ಬೆನ್ನು ನೆಟ್ಟಗೆ ಮಾಡಿಸುತ್ತಿದ್ದರು.
ಪುಕ್ಕಟೆ ದುಡಿಯುವವರನ್ನು ಕೆಲಸದಿಂದ ತೆಗೆಯುವುದು ಹೇಗೆ?
ಯಾರೂ ಒಪ್ಪದ್ದು ಅಧ್ಯಕ್ಷರ ಪಾಲಿಗೆ.
ಅವರ ಜಗಲಿಯಲ್ಲಿ ಮೂರು ಕಾಫಿ ಕುಡಿದೆ.
ಹವೆಯ ಬಗ್ಗೆ ಮಾತಾಡಿದೆ, ಕರಿಮೆಣಸಿನ ಧಾರಣೆ ಕೇಳಿದೆ.
ಕೊನೆಗೆ ಅವರೇ ಅಂದರು: 'ನನ್ನನ್ನು ಬೇಡ ಅನ್ನಲು ಬಂದಿರಿ,
ಅಲ್ಲವಾ?'
ಒಳಗೆ ಹೋಗಿ ಒಂದು ಚೀಲ ಕಿತ್ತಳೆ ತಂದು
ಕಾರಿನ ಹಿಂದಿನ ಸೀಟಿನಲ್ಲಿ, ಉರುಳದಂತೆ, ಇಟ್ಟರು.
ಒಂದನ್ನೂ ಸುಲಿಯಲಾಗಲಿಲ್ಲ ನನಗೆ.

ಹನ್ನೊಂದೂವರೆ. ತಿತಿಮತಿಯ ಮುತ್ತನ ಫೋನು:
'ಆನೆ ರಸ್ತೆಗಿಳಿದಿದೆ ಅಕ್ಕ. ಶಾಲೆ ಬಿಡುವ ಹೊತ್ತು,
ಮಕ್ಕಳನ್ನು ದಾಟಿಸುವ ಹುಡುಗರಲ್ಲಿ ಇಬ್ಬರು ಕೈಕೊಟ್ಟರು,
ನಾನೇ ನಿಂತಿದ್ದೇನೆ. ಗೈರು ಅಂತ ಬರೆಯಬೇಡಿ.'
ಏನು ಬರೆಯಲಿ? ಪುಸ್ತಕದಲ್ಲಿ ಇರುವುದು ಎರಡೇ ಸಾಲು.

ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ,
ಆಮೇಲೆ ಬಂದವರೇ ಕೋರಂ.
ಆ ಕಲಮು ಬರೆದವಳು ನಾನೇ, ಮೊದಲ ವರ್ಷ,
ಸ್ವಲ್ಪ ನಾಚಿಕೆಯಿಂದ.

ಹನ್ನೆರಡು. ಹನ್ನೆರಡು ಜನ.
ವಿಷಯ ಒಂದು: ಹೊಸ ಅಧ್ಯಕ್ಷರ ಆಯ್ಕೆ.
'ಯಾರು ಮುಂದೆ ಬರುತ್ತೀರಿ?'

ವರ್ಷವಿಡೀ ಇದೇ ಪ್ರಶ್ನೆ ಕೇಳುವ ಹನ್ನೊಂದು ಮುಖ
ಕಾಫಿ ಲೋಟದ ತಳ ಓದುತ್ತಿವೆ.
ಈ ಮೌನ ನನಗೆ ಗೊತ್ತು. ಇದನ್ನು ತುಂಬಬಾರದು.
ಹೊಸಬರಿಗೆ ನಾನೇ ಕಲಿಸಿದ್ದು: ಕೇಳಿದ ಮೇಲೆ
ಹತ್ತರವರೆಗೆ ಎಣಿಸಿ, ಬಾಯಿ ಬಿಡಬೇಡಿ.

ನಾಲ್ಕು. ಕೆಳಗೆ ಯಾರೋ ಮೂಟೆ ಇಳಿಸಿದರು.
ಐದು. ಕುಶಾಲಪ್ಪ ಸೀನಿದರು.
ಏಳಕ್ಕೆ ಸುಹರಾಳ ಕುರ್ಚಿ ಸರಿದ ಸದ್ದು,
ಕಿಟಕಿ ಮುಚ್ಚಲೋ, ಏನಕ್ಕೋ.
ನಾನು ತಲೆ ಎತ್ತಲಿಲ್ಲ.

ಎಂಟು.